ಚೇಂಜ್‌ಸೆಟ್‌ಗೊಂದು ಸಂಚಿಕೆ: ನಕ್ಷೆ ಬಳಗಕ್ಕಾಗಿ ನಾನು ಪಾಡ್‌ಕಾಸ್ಟ್ ಮಾಡಿದ ಬಗೆ

ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ರಸ್ತೆ, ಕಟ್ಟಡ, ಕಾಲುದಾರಿಗಳನ್ನು ಸೇರಿಸುತ್ತ ಬಂದ ನನಗೆ ಒಂದು ಕೊರತೆ ಬಹಳ ದಿನ ಕಾಡಿತ್ತು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನು ನಕ್ಷೆಯ ಇತಿಹಾಸದಲ್ಲಿ ನೋಡಬಹುದು. ಹಾಗೆ ಬದಲಿಸುವ ಮೊದಲು ಅವರು ಏನೇನು ಯೋಚಿಸಿದರು, ಯಾವುದನ್ನು ಬೇಡವೆಂದು ಬಿಟ್ಟರು ಎಂಬುದು ಎಲ್ಲಿಯೂ ಉಳಿಯುವುದಿಲ್ಲ. ಬದಲಾವಣೆಗಳ ಒಂದು ಕಂತಿಗೆ, ಅಂದರೆ ಚೇಂಜ್‌ಸೆಟ್‌ಗೆ, ನಾವು ಬರೆಯುವ ಒಂದು ಸಾಲಿನ ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿಲ್ಲ. ಆ ಮಾತುಗಳನ್ನು ಉಳಿಸಬೇಕೆಂಬ ಆಸೆಯಿಂದಲೇ ನಾನು ಬಿಡುವಿನ ವೇಳೆಯಲ್ಲಿ ಪಾಡ್‌ಕಾಸ್ಟ್ ಆರಂಭಿಸಿದೆ.

ಮೊದಲ ಸಂಚಿಕೆಯಲ್ಲಿ ಆ ಆಸೆಯನ್ನೇ ಮರೆತಿದ್ದೆ. 2004ರಲ್ಲಿ ಸ್ಟೀವ್ ಕೋಸ್ಟ್ ಬ್ರಿಟನ್ನಿನಲ್ಲಿ ಯೋಜನೆಯನ್ನು ಆರಂಭಿಸಿದ್ದು, 2010ರ ಹೈಟಿ ಭೂಕಂಪದ ಹೊತ್ತಿಗೆ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಬೀದಿಗಳನ್ನು ಗುರುತಿಸಿದ್ದು, 2012ರಲ್ಲಿ ನಕ್ಷೆಯ ದತ್ತಾಂಶದ ಪರವಾನಗಿ ಬದಲಾದದ್ದು, ಇವೆಲ್ಲವನ್ನೂ ಬರೆದಿಟ್ಟುಕೊಂಡು ಓದಿದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೆ ಕೇಳುವ ಬಳಗಕ್ಕೆ ಅದೆಲ್ಲ ಮೊದಲೇ ತಿಳಿದಿತ್ತು. ಎರಡನೆಯ ಸಂಚಿಕೆಗೆ ಒಬ್ಬ ಹಿರಿಯ ಸದಸ್ಯರನ್ನು ಕರೆದು, ಅವರದೇ ಒಂದು ಚೇಂಜ್‌ಸೆಟ್ಟನ್ನು ಇಬ್ಬರೂ ಎದುರಿಗೆ ತೆರೆದಿಟ್ಟುಕೊಂಡು, "ಇದನ್ನು ಹೀಗೇಕೆ ಗುರುತಿಸಿದಿರಿ?" ಎಂದು ಕೇಳಿದೆ. ಅಲ್ಲಿಂದ ಮುಂದೆ ಪ್ರತಿ ಸಂಚಿಕೆಯೂ ಒಂದೇ ಚೇಂಜ್‌ಸೆಟ್ಟಿನ ಸುತ್ತ ನಡೆಯಬೇಕೆಂದು ನಿಶ್ಚಯಿಸಿದೆ.

ಆ ದಿನದ ಚರ್ಚೆ ಹೊಲಗಳ ನಡುವಿನ ಒಂದು ದಾರಿಯ ಕುರಿತಾಗಿತ್ತು. ಅದನ್ನು ಕೃಷಿ ವಾಹನಗಳು ಓಡಾಡುವ "ಟ್ರ್ಯಾಕ್" ಎನ್ನಬೇಕೇ, ಜನ ನಡೆದು ಹೋಗುವ "ಪಾತ್" ಎನ್ನಬೇಕೇ ಎಂಬುದು ಮೇಲಿನಿಂದ ತೆಗೆದ ಚಿತ್ರವನ್ನು ನೋಡಿದರೆ ತೀರ್ಮಾನವಾಗುವ ಪ್ರಶ್ನೆಯಲ್ಲ. ದಾರಿ ಮಣ್ಣಿನದೋ ಕಲ್ಲಿನದೋ ಎಂಬುದಕ್ಕಿಂತ ನಾಲ್ಕು ಚಕ್ರದ ವಾಹನ ಅಲ್ಲಿ ಹೋಗಬಲ್ಲುದೇ, ಹೋಗುತ್ತದೆಯೇ ಎಂಬುದು ಮುಖ್ಯ. ಅತಿಥಿ ಅಲ್ಲಿಗೆ ಎರಡು ಬಾರಿ ಹೋಗಿ, ಚಕ್ರದ ಗುರುತುಗಳು ಎಲ್ಲಿ ನಿಲ್ಲುತ್ತವೆ ಎಂದು ನೋಡಿಕೊಂಡು ಬಂದಿದ್ದರು. ಅದನ್ನು ಅವರು ವಿವರಿಸಿದ ನಾಲ್ಕು ನಿಮಿಷಗಳನ್ನು ಸಂಕಲನದಲ್ಲಿ ನಾನು ಒಂದು ಪದವನ್ನೂ ಕತ್ತರಿಸದೆ ಉಳಿಸಿದೆ.

ನಕ್ಷೆಯ ಪ್ರತಿ ವಸ್ತು ಏನೆಂದು ತಿಳಿಸುವ ಗುರುತುಪದಗಳನ್ನು, ಅಂದರೆ ಟ್ಯಾಗುಗಳನ್ನು, ಕಿವಿಗೆ ತಲುಪಿಸುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. "ಹೈವೇ ಈಕ್ವಲ್ಸ್ ಪಾತ್" ಎಂದು ಓದಿದರೆ ಹೊಸಬರಿಗೆ ಹೆದ್ದಾರಿಯ ಚಿತ್ರವೇ ಮೂಡುತ್ತದೆ, ಆದರೆ ಬ್ರಿಟಿಷ್ ಬಳಕೆಯಿಂದ ಬಂದ ಆ ಪದ ಇಲ್ಲಿ ಕಾಲುದಾರಿಯಿಂದ ಹಿಡಿದು ಎಲ್ಲ ಬಗೆಯ ದಾರಿಗೂ ಸಲ್ಲುತ್ತದೆ. ಆದ್ದರಿಂದ ಮೊದಲು ವಸ್ತುವನ್ನು ಮಾತಿನಲ್ಲಿ ವರ್ಣಿಸಿ, ಆಮೇಲೆ ಒಂದೇ ಒಂದು ಸಲ ಟ್ಯಾಗನ್ನು ಹೇಳಿ, ಉಳಿದದ್ದನ್ನು ಸಂಚಿಕೆಯ ಟಿಪ್ಪಣಿಯಲ್ಲಿ ಬರೆಯುತ್ತೇನೆ. ಟಿಪ್ಪಣಿಯಲ್ಲಿ ವಸ್ತುವಿನ ಕೊಂಡಿಯೊಂದನ್ನೇ ಕೊಡದೆ ಚೇಂಜ್‌ಸೆಟ್ಟಿನ ಸಂಖ್ಯೆಯನ್ನೂ ಕೊಡುತ್ತೇನೆ: ದಾರಿಯೊಂದನ್ನು ಮುಂದೆ ಯಾರಾದರೂ ಎರಡಾಗಿ ತುಂಡರಿಸಿದರೆ ಹಳೆಯ ಗುರುತುಸಂಖ್ಯೆ ಒಂದು ತುಂಡಿಗೆ ಮಾತ್ರ ಉಳಿಯುತ್ತದೆ, ಚೇಂಜ್‌ಸೆಟ್ಟಿನ ಸಂಖ್ಯೆ ಬದಲಾಗುವುದಿಲ್ಲ.

ಧ್ವನಿಮುದ್ರಣಕ್ಕೆ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ತಮ್ಮ ಧ್ವನಿಯನ್ನಷ್ಟೇ ಮುದ್ರಿಸಿಕೊಳ್ಳುತ್ತೇವೆ. ಅಂತರ್ಜಾಲದ ಕರೆ ಮಾತುಕತೆಗೆ ಮಾತ್ರ. ಮೊದಮೊದಲು ಮುದ್ರಣದ ಆರಂಭದಲ್ಲಿ ಮಾತ್ರ ಚಪ್ಪಾಳೆ ತಟ್ಟಿ, ಆ ಸದ್ದಿನ ಆಧಾರದಿಂದ ಎರಡು ಕಡತಗಳನ್ನೂ ಹೊಂದಿಸುತ್ತಿದ್ದೆ, ಆದರೂ ಗಂಟೆಯ ಕೊನೆಗೆ ಉತ್ತರವು ಪ್ರಶ್ನೆಯ ಮೇಲೆ ಬೀಳತೊಡಗಿತು. ಎರಡು ಯಂತ್ರಗಳ ಗಡಿಯಾರಗಳು ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಓಡದಿರುವುದು ಇದಕ್ಕೆ ಕಾರಣ. ಈಗ ಕೊನೆಯಲ್ಲಿಯೂ ಚಪ್ಪಾಳೆ ತಟ್ಟಿಸಿ, ವ್ಯತ್ಯಾಸವನ್ನು ಅಳೆದು, ಧ್ವನಿ ಸಂಕಲನದ ತಂತ್ರಾಂಶವಾದ ಆಡಾಸಿಟಿಯಲ್ಲಿ ಒಂದು ಕಡತದ ವೇಗವನ್ನು ಅಷ್ಟೇ ಪ್ರಮಾಣದಲ್ಲಿ ಸರಿಪಡಿಸುತ್ತೇನೆ. ಅಂತಿಮ ಕಡತವನ್ನು ಒಂದೇ ಚಾನೆಲ್ಲಿನಲ್ಲಿ ಮೈನಸ್ 19 ಎಲ್‌ಯುಎಫ್‌ಎಸ್ (ಧ್ವನಿ ಎಷ್ಟು ಜೋರೆಂದು ಅಳೆಯುವ ಮಾನ) ಮಟ್ಟಕ್ಕೆ ತಂದು, 64 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿದರೆ ಒಂದು ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ. ಮಾತಿಗೆ ಅಷ್ಟು ಸಾಕು, ನಿಧಾನ ಸಂಪರ್ಕವಿರುವವರಿಗೂ ಅನುಕೂಲ. ಪ್ರಕಟವಾದ ಸಂಚಿಕೆಯನ್ನು ತಿದ್ದುವಾಗ ಹೊಸ ಸಂಚಿಕೆಗಳನ್ನು ಕೇಳುಗರ ಆ್ಯಪ್‌ಗಳಿಗೆ ತಿಳಿಸುವ ಪಟ್ಟಿಯಾದ ಆರ್‌ಎಸ್‌ಎಸ್ ಫೀಡಿನಲ್ಲಿ ಅದರ ಗುರುತುಸಂಖ್ಯೆಯನ್ನು ಬದಲಿಸಬಾರದು. ನಾನೊಮ್ಮೆ ಬದಲಿಸಿದ್ದರಿಂದ ಹಳೆಯ ಸಂಚಿಕೆ ಹೊಸದೆಂಬಂತೆ ಎಲ್ಲರಿಗೂ ಮತ್ತೆ ಹೋಯಿತು.

ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅತಿಥಿಗಳ ಖಾಸಗಿತನದ ವಿಷಯದಲ್ಲಿ. ನಮ್ಮಲ್ಲಿ ಹೆಚ್ಚಿನವರು ಬಳಕೆದಾರ ಹೆಸರಿನಲ್ಲಿ ಕೆಲಸ ಮಾಡುತ್ತಾರೆ, ಮತ್ತು ಹೆಚ್ಚಿನವರು ಮೊದಲು ಗುರುತಿಸುವುದು ತಮ್ಮ ಮನೆಯ ಸುತ್ತಮುತ್ತಲನ್ನೇ. ಧ್ವನಿ, ಹೆಸರು, ಬದಲಾವಣೆಗಳ ಇತಿಹಾಸ ಮೂರೂ ಒಂದೆಡೆ ಸೇರಿದರೆ ಒಬ್ಬರ ವಾಸಸ್ಥಳವನ್ನು ಊಹಿಸುವುದು ಸುಲಭ. ಹಾಗಾಗಿ ಯಾವ ಹೆಸರಿನಿಂದ ಕರೆಯಬೇಕೆಂದು ಮೊದಲೇ ಕೇಳಿ ತಿಳಿದು, ಮನೆಯಿಂದ ದೂರದ ಚೇಂಜ್‌ಸೆಟ್ಟನ್ನೇ ಆರಿಸಲು ಕೋರುತ್ತೇನೆ. ಪ್ರಕಟಣೆಗೆ ಮುನ್ನ ಸಂಕಲಿತ ಕಡತವನ್ನು ಅವರಿಗೆ ಕಳುಹಿಸುತ್ತೇನೆ. ಅವರು ತೆಗೆಯಿರಿ ಎಂದದ್ದನ್ನು ಕಾರಣ ಕೇಳದೆ ತೆಗೆಯುತ್ತೇನೆ.

ಹೊಲದ ದಾರಿಯ ಸಂಚಿಕೆ ಹೊರಬಂದ ಕೆಲವು ದಿನಗಳಲ್ಲಿ ಕೇಳುಗರೊಬ್ಬರು ಟಿಪ್ಪಣಿಯಲ್ಲಿದ್ದ ಸಂಖ್ಯೆಯಿಂದ ಆ ಚೇಂಜ್‌ಸೆಟ್ಟನ್ನು ತೆರೆದು, ಅದರ ಚರ್ಚೆಯಲ್ಲಿ ಒಂದು ಪ್ರಶ್ನೆ ಬರೆದರು: ಸುಗ್ಗಿಯ ಕಾಲದಲ್ಲಿಯೂ ಚಕ್ರದ ಗುರುತು ಅಲ್ಲಿಯೇ ನಿಲ್ಲುತ್ತದೆಯೇ? ನಮ್ಮ ಅತಿಥಿ ಮೂರನೆಯ ಬಾರಿ ಅಲ್ಲಿಗೆ ಹೋಗಿ ಬಂದರು. ಮೊದಲು ಗುರುತು ನಿಂತಿದ್ದ ಜಾಗದಿಂದಾಚೆಯ ದಾರಿಯನ್ನು ಎರಡು ತುಂಡು ಮಾಡಿ, ಅದರ ಮೊದಲ ತುಂಡನ್ನೂ "ಟ್ರ್ಯಾಕ್"ಗೆ ಸೇರಿಸಿದರು. ಟಿಪ್ಪಣಿಯಲ್ಲಿ ಈಗ ಎರಡು ಚೇಂಜ್‌ಸೆಟ್ ಸಂಖ್ಯೆಗಳಿವೆ.