ಮಳೆಗಾಲದಲ್ಲಿ ನೆಟ್ ಹೋದರೆ ಎಲ್ಲಿಂದ ಹುಡುಕಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಿಗೆ ಫೈಬರ್ ಬರುವುದು ಕಂಬದಿಂದ ಕಂಬಕ್ಕೆ, ಕಾಡು-ತೋಟ ದಾಟಿಕೊಂಡು. ಜೂನ್‌ನಲ್ಲಿ ಗಾಳಿಮಳೆ ಹಿಡಿದರೆ ಕೊಂಬೆ ಬೀಳುತ್ತದೆ, ಕರೆಂಟು ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಆಗ ಫೋನ್ ಮಾಡಿ ‘ನೆಟ್ ಬರ್ತಾ ಇಲ್ಲ’ ಎಂದಷ್ಟೇ ಹೇಳಿದರೆ ಲೈನಿನವರಿಗೆ ಏಣಿ ತರಬೇಕೋ ರೌಟರ್ ತರಬೇಕೋ ತಿಳಿಯುವುದಿಲ್ಲ. ಮನೆಗೆ ಬರುವ ಫೈಬರ್, ಅದು ಸೇರುವ ಓಎನ್‌ಟಿ ಪೆಟ್ಟಿಗೆ, ಅಲ್ಲಿಂದ ಫೋನ್‌ವರೆಗಿನ ವೈಫೈ ಅಥವಾ ಕೇಬಲ್: ಈ ಮೂರರಲ್ಲಿ ಕೆಟ್ಟದ್ದು ಯಾವುದು ಎಂಬುದನ್ನು ನಾವೇ ಹತ್ತು ನಿಮಿಷದಲ್ಲಿ ಕಂಡುಹಿಡಿಯಬಹುದು.

ಮೊದಲು ಓಎನ್‌ಟಿ ದೀಪ ನೋಡಿ. ಫೈಬರ್‌ನ ಬೆಳಕನ್ನು ಕಂಪ್ಯೂಟರಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಾಯಿಸುವ ಪೆಟ್ಟಿಗೆ ಇದು. ಹೆಚ್ಚಿನ ಮನೆಗಳಲ್ಲಿ ರೌಟರ್ ಕೂಡ ಇದರೊಳಗೇ ಇರುತ್ತದೆ. ಪಿಓಎನ್ ದೀಪ ಮಿನುಗದೆ ಹಸಿರಾಗಿದ್ದರೆ ಹೊರಗಿನ ಲೈನು ಸರಿಯಿದೆ. ಎಲ್‌ಓಎಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಆಗ ವೈಫೈ ಪಾಸ್‌ವರ್ಡ್ ಬದಲಿಸಿಯೋ ಫೋನ್ ಆಫ್ ಮಾಡಿಯೋ ಪ್ರಯೋಜನವಿಲ್ಲ. ಗೋಡೆಯಿಂದ ಓಎನ್‌ಟಿಗೆ ಬರುವ ತೆಳು ಪ್ಯಾಚ್ ಕಾರ್ಡ್ ಮೇಜಿನ ಸಂದಿಯಲ್ಲಿ ಮಡಚಿದೆಯೇ, ಹಸಿರು ಕನೆಕ್ಟರ್ ಪೂರ್ತಿ ಕೂತಿದೆಯೇ, ಇಲಿ ಕಡಿದಿದೆಯೇ ನೋಡಿ. ಕನೆಕ್ಟರ್ ಕಿತ್ತು ಅದರ ತುದಿ ಮುಟ್ಟಬೇಡಿ, ಒಳಗೆ ಇಣುಕಲೂ ಬೇಡಿ. ಆ ಲೇಸರ್ ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಹುದು. ಜತೆಗೆ ಪಕ್ಕದ ಮನೆಯಲ್ಲಿ ವಿಚಾರಿಸಿ. ಅಲ್ಲಿಯೂ ಇಲ್ಲವೆಂದಾದರೆ ನಿಮ್ಮ ತಂತಿಯದ್ದಲ್ಲ, ಹಿಂದಿನ ದೊಡ್ಡ ಲೈನು ತುಂಡಾಗಿರಬಹುದು ಅಥವಾ ಬೆಳಕು ಕಳಿಸುವ ಕಡೆಯೇ ಕರೆಂಟು ಇಲ್ಲದಿರಬಹುದು.

ಎಲ್‌ಓಎಸ್ ಕೆಂಪಾಗುವ ಮೊದಲೇ ಲೈನಿನ ಆರೋಗ್ಯ ತಿಳಿಯಲು ಒಂದು ಅಂಕಿ ಇದೆ. ಬ್ರೌಸರಿನಲ್ಲಿ 192.168.1.1 ಎಂದು ಹಾಕಿ (ಸರಿಯಾದ ವಿಳಾಸ, ಪಾಸ್‌ವರ್ಡ್ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿರುತ್ತದೆ) ಆರ್‌ಎಕ್ಸ್ ಪವರ್ (ಪೆಟ್ಟಿಗೆಗೆ ತಲುಪುವ ಬೆಳಕಿನ ಬಲ) ನೋಡಿ. ಮನೆಗಳಿಗೆ ಬರುವ ಸಾಮಾನ್ಯ ಫೈಬರ್ (ಜಿಪಿಓಎನ್) ಲೈನಿನಲ್ಲಿ ಅದು -8ರಿಂದ -27 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗಿರಬೇಕು. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. 3 ಇಳಿದರೆ ಬೆಳಕು ಅರ್ಧ. ಮೇ ತಿಂಗಳಲ್ಲಿ ನೆಟ್ ಚೆನ್ನಾಗಿರುವಾಗಲೇ ಈ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆಗ -19 ಇದ್ದದ್ದು ಜುಲೈನಲ್ಲಿ -26 ಆಗಿದ್ದರೆ ಬೆಳಕು ಐದನೇ ಒಂದು ಪಾಲಿಗೆ ಇಳಿದಿದೆ. ಎಲ್ಲೋ ಕೊಂಬೆ ಕೂತು ತಂತಿ ಬಾಗಿದೆ, ಇಲ್ಲವೇ ಜಾಯಿಂಟ್ ಕೆಟ್ಟಿದೆ. ಈ ಎರಡು ಅಂಕಿ ಹೇಳಿದರೆ ದೂರು ಕೇಳುವವರು ಓಎನ್‌ಟಿ ಬಿಟ್ಟು ನೇರ ಲೈನು ನೋಡಲು ಬರುತ್ತಾರೆ.

ಒಂದು ಎಚ್ಚರಿಕೆ: ಪೆಟ್ಟಿಗೆಯ ಹಿಂದಿನ ಸಣ್ಣ ತೂತಿನ ರೀಸೆಟ್ ಗುಂಡಿಗೆ ಪಿನ್ನು ಹಾಕಬೇಡಿ. ಕಂಪನಿಯವರು ತುಂಬಿದ ಯೂಸರ್‌ನೇಮ್, ವಿಲ್ಯಾನ್ ಸಂಖ್ಯೆ (ಕಂಪನಿಯ ಜಾಲದಲ್ಲಿ ನಿಮ್ಮ ಸಂಪರ್ಕದ ದಾರಿಯ ಗುರುತು) ಎಲ್ಲ ಅಳಿಸಿಹೋಗಬಹುದು. ಆಮೇಲೆ ಲೈನು ಸರಿಯಾದರೂ ನೆಟ್ ಬಾರದು. ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಸಾಕು.

ಪಿಓಎನ್ ಹಸಿರಿದ್ದೂ ನೆಟ್ ಇಲ್ಲವೆಂದರೆ ಲ್ಯಾಪ್‌ಟಾಪ್ ತೆಗೆಯಿರಿ. ಮನೆಯೊಳಗಿನ ಪ್ರತಿ ಸಾಧನಕ್ಕೂ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ಹಂಚುವುದು ರೌಟರಿನ ಡಿಎಚ್‌ಸಿಪಿ. ವಿಂಡೋಸಿನಲ್ಲಿ ವಿಳಾಸ 169.254 ಎಂದು ಶುರುವಾದರೆ ಆ ಹಂಚಿಕೆ ತಲುಪಿಲ್ಲ: ಕೇಬಲ್ ಸಡಿಲ, ಅಥವಾ ರೌಟರ್ ಹ್ಯಾಂಗ್ ಆಗಿದೆ. ವಿಳಾಸ ಸರಿಯಿದ್ದರೆ ಮೊದಲು 192.168.1.1ಕ್ಕೆ ಪಿಂಗ್ ಮಾಡಿ, ಅಂದರೆ ಆ ವಿಳಾಸ ಉತ್ತರ ಕೊಡುತ್ತದೆಯೇ ಪರೀಕ್ಷಿಸಿ. ಅದು ಗೇಟ್‌ವೇ, ಮನೆಯ ನೆಟ್‌ವರ್ಕಿನಿಂದ ಹೊರಹೋಗುವ ದಾರಿ. ಉತ್ತರ ಬರದಿದ್ದರೆ ತೊಂದರೆ ಮನೆಯೊಳಗೇ. ಬಂದರೆ ಮುಂದೆ ಹೊರಗಿನ ಇಂಟರ್‌ನೆಟ್ಟಿನಲ್ಲಿರುವ ಗೂಗಲ್‌ನ 8.8.8.8ಕ್ಕೆ ಪಿಂಗ್. ಅದಕ್ಕೂ ಉತ್ತರ ಬಂದು ವೆಬ್‌ಸೈಟು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಕೈಕೊಟ್ಟಿದೆ. ಹೆಸರನ್ನು ಐಪಿ ವಿಳಾಸವಾಗಿಸುವ ಕೆಲಸ ಅದರದ್ದು. ಲ್ಯಾಪ್‌ಟಾಪಿನ ಡಿಎನ್‌ಎಸ್ ಅನ್ನು 1.1.1.1 ಅಥವಾ 8.8.8.8 ಎಂದು ಬದಲಿಸಿ ನೋಡಿ.

ಜಗಲಿಯಲ್ಲಿ ವೈಫೈ ಚೆನ್ನಾಗಿ ಬಂದು ಒಳಕೋಣೆಯಲ್ಲಿ ಸಾಯುವುದು ಬೇರೆ ರೋಗ. ದಪ್ಪ ಚಿರೆಕಲ್ಲಿನ ಗೋಡೆ, ಅದರಲ್ಲೂ ಮಳೆಗೆ ನೆನೆದದ್ದು, ಸಿಗ್ನಲ್ ಕುಗ್ಗಿಸುತ್ತದೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು ಕೊಟ್ಟರೂ ಗೋಡೆ ದಾಟುವುದರಲ್ಲಿ ಹಿಂದೆ, ಒಳಗೆ 2.4 ಗಿಗಾಹರ್ಟ್ಸ್ ಹಿಡಿಯಿರಿ. ಅದೂ ಸಾಲದಿದ್ದರೆ ವೈಫೈಯನ್ನು ಹಿಡಿದು ಮತ್ತೆ ಹರಡುವ ರಿಪೀಟರಿಗಿಂತ, ಕ್ಯಾಟ್6 ಎಂಬ ನೆಟ್‌ವರ್ಕ್ ಕೇಬಲ್ ಎಳೆದು ಎರಡನೇ ರೌಟರ್ ಇಡುವುದೇ ಒಳ್ಳೆಯದು. ಎರಡನೆಯದಕ್ಕೆ 192.168.1.2 ವಿಳಾಸ ಕೊಡಿ, ಅದರ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಹೊರಗಿನ ಲೈನಿಗಿರುವ ವ್ಯಾನ್ ಪೋರ್ಟಿಗಲ್ಲ, ಮನೆಯ ಸಾಧನಗಳಿಗಿರುವ ಲ್ಯಾನ್ ಪೋರ್ಟಿಗೆ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ರೌಟರ್ ವಿಳಾಸ ಹಂಚಲು ಹೊರಟು, ಒಂದು ಫೋನಿಗೆ ನೆಟ್ ಬರುತ್ತದೆ, ಇನ್ನೊಂದಕ್ಕೆ ಇಲ್ಲ. ಕೇಬಲ್ ಪೂರ್ತಿ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗ, ಆದರೆ ಬಾಗಿಸಿದರೆ ಮುರಿಯುತ್ತದೆ. ಒಂದೇ ಎಳೆತದಲ್ಲಿ 100 ಮೀಟರ್ ಮೀರಬಾರದು.

ಮನೆಯಿಂದ ಕೊಟ್ಟಿಗೆಗೋ ಅಡಿಕೆ ಒಣಗಿಸುವ ಶೆಡ್ಡಿಗೋ ಬಯಲಿನಲ್ಲಿ ಮಾತ್ರ ತಾಮ್ರದ ಕೇಬಲ್ ಎಳೆಯಲೇಬೇಡಿ. ಹತ್ತಿರದಲ್ಲಿ ಸಿಡಿಲು ಬಡಿದರೂ ಅದರೊಳಗೆ ವಿದ್ಯುತ್ ಹುಟ್ಟಿ ಎರಡೂ ತುದಿಯ ಪೋರ್ಟು ಸುಡಬಹುದು. ಅಲ್ಲಿಗೆ ಲೋಹದ ಎಳೆಯಿಲ್ಲದ ಫೈಬರ್ ಹಾಕಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನೂ ತಾಮ್ರದ ಕೇಬಲಿನ ಸಂಕೇತವನ್ನೂ ಪರಸ್ಪರ ಬದಲಿಸುವ ಸಾಧನ) ಇಡಿ. ಗುಡುಗು ಕೇಳಿದೊಡನೆ ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಕಾರವಾರ, ಅಂಕೋಲಾ, ಕುಮಟಾದ ಕಡಲ ಬದಿಯ ಮನೆಗಳಲ್ಲಿ ಇನ್ನೊಂದು ಕಾಟ ಉಪ್ಪುಗಾಳಿಯದ್ದು. ಹೊರಗೋಡೆಯ ಕ್ಯಾಮೆರಾದ ಆರ್‌ಜೆ45 (ನೆಟ್‌ವರ್ಕ್ ಕೇಬಲಿನ ತುದಿಯ) ಪ್ಲಗ್ಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದರೆ ಚಿತ್ರ ಬಂದು-ಹೋಗಿ ಮಾಡುತ್ತದೆ. ಕೆರೆದು ಮತ್ತೆ ಹಾಕಬೇಡಿ, ಚಿನ್ನದ ಲೇಪ ಹೋಗಿ ಇನ್ನೂ ಬೇಗ ಕೆಡುತ್ತದೆ. ಪ್ಲಗ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿ (ಇಕ್ಕಳದಂಥ ಸಾಧನದಿಂದ ತಂತಿಗೆ ಒತ್ತಿ ಕೂರಿಸಿ), ನೀರು ಇಳಿಯದ ಡಬ್ಬಿಯೊಳಗಿಟ್ಟು, ಕೇಬಲನ್ನು ಡಬ್ಬಿಯ ಕೆಳಗಿನಿಂದ ಒಳಬಿಡಿ.