ಪಿನ್ ಪೆಟ್ಟಿಗೆಯಿಂದ ಶುರುವಾದ ನನ್ನ ಕ್ರೇನ್ ಪಾಠ

ಟವರ್ ಕ್ರೇನ್, ಅಂದರೆ ಎತ್ತರದ ಕಂಬದ ಮೇಲೆ ಉದ್ದ ತೋಳು ಚಾಚಿದ ಕ್ರೇನ್, ನಿಲ್ಲಿಸುವ ಗ್ಯಾಂಗಿಗೆ ನಾನು ಹೆಲ್ಪರ್ ಆಗಿ ಸೇರಿದೆ. ಮೊದಲ ದಿನ ಟ್ರೇಲರಿನಲ್ಲಿ ಬಂದದ್ದು ಕ್ರೇನ್ ಅಂತ ನನಗೆ ಗೊತ್ತೇ ಆಗಲಿಲ್ಲ. ಹಳದಿ ಚೌಕಟ್ಟುಗಳು, ಕಾಂಕ್ರೀಟ್ ದಿಮ್ಮಿಗಳು, ಅವನ್ನು ಜೋಡಿಸುವ ಪಿನ್ನುಗಳು ಒಂದು ಪೆಟ್ಟಿಗೆ ತುಂಬ, ಅಷ್ಟೇ. ಮೇಸ್ತ್ರಿ ಆ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ಒಂದೊಂದನ್ನೂ ಒರೆಸಿ ಗ್ರೀಸ್ ಹಚ್ಚು" ಅಂದರು.

ಅದು ಲೀಬ್‌ಹೆರ್ ಕಂಪನಿಯ ಕ್ರೇನ್. ಆ ಕಂಪನಿ ಹುಟ್ಟಿದ್ದು ಹೇಗೆ ಅಂತ ಆಮೇಲೆ ಓದಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಊರೂರೇ ನೆಲಸಮವಾಗಿತ್ತು, ಎಲ್ಲ ಕಡೆ ಮನೆ ಕಟ್ಟಬೇಕಿತ್ತು. ಕಿರ್ಶ್‌ಡೋರ್ಫ್ ಊರಿನ ಹಾನ್ಸ್ ಲೀಬ್‌ಹೆರ್ ಅವರ ಮನೆತನದ್ದೇ ಕಟ್ಟಡದ ಕಸುಬು. 1949ರಲ್ಲಿ ಅವರು ಟಿಕೆ 10 ಎಂಬ ಟವರ್ ಕ್ರೇನ್ ಮಾಡಿದರು. ಸುಲಭವಾಗಿ ಸಾಗಿಸಬಹುದು, ಸೈಟಿನಲ್ಲಿ ಬೇಗ ಜೋಡಿಸಬಹುದು, ಅದೇ ಅದರ ಹೆಚ್ಚುಗಾರಿಕೆ. ಇದನ್ನು ಓದಿದಾಗ ನನಗೆ ಆ ಪಿನ್ ಪೆಟ್ಟಿಗೆಯೇ ಕಣ್ಣಮುಂದೆ ಬಂತು. ಕಟ್ಟುವವನ ಕಷ್ಟ ಗೊತ್ತಿದ್ದವನು ಮಾಡಿದ ಯಂತ್ರ ಅಲ್ವಾ!

ಅಲ್ಲಿಂದ ಕಂಪನಿ ಬೇಗ ಬೆಳೆಯಿತು. ಫ್ರಾನ್ಸಿನ ಕ್ರೇನ್ ಕಂಪನಿ ಪೊಟೇನ್ ಇನ್ನೂ ಹಳೆಯದು, 1928ರದು. ಎರಡೂ ಕಂಪನಿಯ ಕ್ರೇನು ಜೋಡಿಸಿದ್ದೇನೆ, ಎರಡರ ಮೇಲೂ ನನಗೆ ಗೌರವ ಇದೆ.

ಇತಿಹಾಸ ಇರಲಿ, ನನಗೆ ಕ್ರೇನ್ ನಿಜವಾಗಿ ಅರ್ಥವಾಗಿದ್ದು ಅದನ್ನು ಎತ್ತರಿಸುವಾಗ. ಕಟ್ಟಡ ಏರಿದ ಹಾಗೆ ಕ್ರೇನೂ ಏರಬೇಕು. ಕಂಬದ ಸುತ್ತ ಒಂದು ಪಂಜರ ಇರುತ್ತದೆ. ಕ್ರೇನಿನ ತಲೆಭಾಗವನ್ನು ಅದಕ್ಕೆ ಕಟ್ಟಿ, ತಲೆಯನ್ನು ಕಂಬಕ್ಕೆ ಬಿಗಿದ ಬೋಲ್ಟ್ ಬಿಚ್ಚಿ, ಹೈಡ್ರಾಲಿಕ್ ಜಾಕಿನಿಂದ ಮೇಲಕ್ಕೆ ತಳ್ಳುತ್ತೇವೆ. ತೆರೆದ ಜಾಗಕ್ಕೆ ಹೊಸ ತುಂಡನ್ನು ಪಕ್ಕದಿಂದ ಸೇರಿಸುತ್ತೇವೆ. ಬೋಲ್ಟ್ ಬಿಚ್ಚುವ ಮೊದಲು ಹುಕ್ಕಿಗೆ ಒಂದು ಭಾರ ತೂಗುಹಾಕಿ, ಮುಂದಿನ ತೋಳು ಮತ್ತು ಹಿಂದಿನ ದಿಮ್ಮಿಗಳು ಸಮತೂಕಕ್ಕೆ ಬರುವವರೆಗೆ ಟ್ರಾಲಿಯನ್ನು, ಅಂದರೆ ಹುಕ್ಕನ್ನು ಹೊತ್ತು ತೋಳಿನ ಉದ್ದಕ್ಕೂ ಓಡುವ ಗಾಡಿಯನ್ನು, ಸರಿಸಬೇಕು. ಸಮವಾಗಿದೆಯೋ ಇಲ್ಲವೋ ಅಂತ ನೋಡುವುದು ಪಂಜರದ ಉರುಳೆಗಳಲ್ಲಿ. ಉರುಳೆಗೂ ಕಂಬಕ್ಕೂ ನಡುವಿನ ಸಂದು ಎಲ್ಲ ಕಡೆ ಒಂದೇ ಅಳತೆ ಇರಬೇಕು.

ಒಂದು ಸಲ ಸೈಟಿನವರು ಬಹಳ ಅವಸರ ಮಾಡಿದರು. ನಾನು ಮೇಲೆ ಕೂತು ಸಂದು ನೋಡುತ್ತಿದ್ದೆ. ಒಂದು ಕಡೆ ಬೆರಳು ತೂರುತ್ತಿತ್ತು, ಎದುರಿನ ಉರುಳೆ ಕಂಬಕ್ಕೆ ಅಂಟಿತ್ತು. ವಾಕಿಟಾಕಿಯಲ್ಲಿ ನಿಲ್ಲಿಸಿ ಅಂದೆ. ಕೆಳಗಿನಿಂದ ಬೈಗುಳ ಬಂತು. ಆದರೂ ಬೋಲ್ಟ್ ಮುಟ್ಟಲು ಬಿಡಲಿಲ್ಲ. ಟ್ರಾಲಿಯನ್ನು ಸ್ವಲ್ಪ ಒಳಕ್ಕೆ ತಂದಾಗ ಸಂದು ಸಮವಾಯಿತು. ಬೋಲ್ಟ್ ಬಿಚ್ಚಿದ ಮೇಲೆ ತೋಳು ತಿರುಗಿಸುವ ಹಾಗಿಲ್ಲ, ಟ್ರಾಲಿ ಸರಿಸುವ ಹಾಗಿಲ್ಲ. ಆಗ ತಪ್ಪು ಕಂಡರೂ ತಿದ್ದಲು ದಾರಿ ಇರುತ್ತಿರಲಿಲ್ಲ.

ಈಗ ನನ್ನ ಗ್ಯಾಂಗಿಗೆ ಹೊಸ ಹುಡುಗರು ಬರುತ್ತಾರೆ. ಎಲ್ಲರಿಗೂ ಮೇಲೆ ಹತ್ತುವ ಆಸೆ. ಮೊದಲ ದಿನ ನಾನು ಯಾರನ್ನೂ ಹತ್ತಿಸುವುದಿಲ್ಲ. ಪಿನ್ ಪೆಟ್ಟಿಗೆ ಕೊಟ್ಟು, ಒರೆಸಿ, ಗ್ರೀಸ್ ಹಚ್ಚಿ, ಎಣಿಸಿ ಇಡಲು ಹೇಳುತ್ತೇನೆ.