ಬಾಟಲಿ ನೀರಿನಲ್ಲಿ ಹಯಸಿಂತ್ ಅರಳಿಸಲು ಮೊದಲು ಫ್ರಿಜ್ ಬೇಕು

ಹಯಸಿಂತ್ ಎಂದರೆ ಈರುಳ್ಳಿಯಂಥ ಗೆಡ್ಡೆಯಿಂದ ಬೆಳೆಯುವ ಪರಿಮಳದ ಹೂಗಿಡ. ಗೆಡ್ಡೆ ತಂದವರು ಅದೇ ದಿನ ನೀರಿಗಿಟ್ಟುಬಿಡುತ್ತಾರೆ. ಎಲೆ ಬರುತ್ತದೆ, ಹೂ ಮಾತ್ರ ಎಲೆಗಳ ಬುಡದಲ್ಲೇ ಸಿಕ್ಕಿಕೊಂಡು ಕಂದುತ್ತದೆ. ಟರ್ಕಿ, ಸಿರಿಯಾ, ಲೆಬನಾನ್ ಕಡೆಯ ಗಿಡವಿದು; ವಾರಗಟ್ಟಲೆ ಚಳಿ ತಿನ್ನದೆ ಹೂದಂಟು ಮೇಲೇಳದು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. (ಕೆರೆ ಮುಚ್ಚುವ ವಾಟರ್ ಹಯಸಿಂತ್ ಬೇರೆಯೇ ಗಿಡ.)

ಗೆಡ್ಡೆ ಗಟ್ಟಿಯಾಗಿ, ಕೈಗೆ ಭಾರವಾಗಿ, ಸುತ್ತಳತೆ 16–17 ಸೆಂ.ಮೀ. ಇರಲಿ. ಆನ್‌ಲೈನ್‌ನಲ್ಲಿ ಮಾರುವ 'ಹಯಸಿಂತ್ ಬೀಜ' ಕೊಳ್ಳಲೇಬೇಡಿ. ಬೀಜದಿಂದ ಹೂವಿಗೆ ವರ್ಷಗಳೇ ಹಿಡಿಯುತ್ತವೆ. ಮುಟ್ಟುವಾಗ ಕೈಗವಸು ಹಾಕಿ. ಕೆಸುವಿನಲ್ಲಿ ತುರಿಕೆ ತರುವ ಆಕ್ಸಲೇಟ್ ಹರಳುಗಳೇ ಇದರಲ್ಲೂ ಇವೆ.

ಈಗ ಜನ ಎಡವುವ ಹಂತ. ಅಕ್ಟೋಬರ್ ಮೊದಲ ವಾರ ಗೆಡ್ಡೆಗಳನ್ನು ಕಾಗದದ ಚೀಲಕ್ಕೆ ಹಾಕಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸ್ಟು ಹಿಡಿಯುತ್ತದೆ. ಉಷ್ಣತೆ 4ರಿಂದ 8 ಡಿಗ್ರಿ, ಅವಧಿ 12 ವಾರ. ಫ್ರೀಜರ್ ಬೇಡವೇ ಬೇಡ. ಅದೇ ಫ್ರಿಜ್‌ನಲ್ಲಿ ಸೇಬು, ಬಾಳೆಹಣ್ಣು, ಟೊಮೆಟೊ ಇರಕೂಡದು: ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ, ಹೊರಗಿನಿಂದ ಏನೂ ಗೊತ್ತಾಗದು. ಹಣ್ಣನ್ನು ಫ್ರಿಜ್‌ನಿಂದ ಹೊರಗಿಡಲಾಗದ ಮನೆಯಾದರೆ ಹಯಸಿಂತ್ ಆಸೆಯನ್ನೇ ಬಿಡಿ. ಚೀಲದ ಮೇಲೆ 'ವಿಷ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ತಿಂದರೆ ವಿಷವಾದ ಈ ಗೆಡ್ಡೆ ನೋಡಲು ಈರುಳ್ಳಿಯಂತೆಯೇ ಇರುತ್ತದೆ. 'ಎಂಟು ವಾರಕ್ಕೇ ಮೊಳಕೆ ಕಂಡಿತು' ಎಂದು ಹೊರತೆಗೆದರೆ ಮತ್ತೆ ಗಿಡ್ಡ ದಂಟೇ ಗತಿ.

ಜನವರಿಯಲ್ಲಿ ನೀರಿಗೆ. ಗೆಡ್ಡೆಯನ್ನು ನೀರಿನ ಮೇಲೆ ಕೂರಿಸಲೆಂದೇ ಮಾಡಿದ 'ಹಯಸಿಂತ್ ಗ್ಲಾಸ್'ಗೆ ದುಡ್ಡು ಸುರಿಯಬೇಕಿಲ್ಲ. ಒಂದು ಲೀಟರ್ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿದರೆ ಸಾಕು. ನೀರು ಗೆಡ್ಡೆಯ ತಳಕ್ಕಿಂತ ಅರ್ಧ ಸೆಂ.ಮೀ. ಕೆಳಗಿರಲಿ. ತಳ ನೀರಿಗೆ ತಾಗಿದರೆ ಕೊಳೆತು ನಾರುತ್ತದೆ. ತೇವಾಂಶ ಸಾಕು, ಬೇರು ತಾನಾಗಿ ನೀರು ಹುಡುಕಿ ಇಳಿಯುತ್ತದೆ. ಒಂದು ಚೂರು ಇದ್ದಿಲು ಹಾಕಿ, ವಾರಕ್ಕೊಮ್ಮೆ ನೀರು ಬದಲಿಸಿ. ಗೊಬ್ಬರ ಬೇಡ.

ಬೇರು ತುಂಬಿ ಮೊಳಕೆ 5 ಸೆಂ.ಮೀ. ಆಗುವವರೆಗೆ ಮನೆಯ ಅತಿ ತಂಪು ಮೂಲೆಯಲ್ಲಿ, ಕತ್ತಲಲ್ಲಿಡಿ. ಆಮೇಲೆ ಬಿಸಿಲು ನೇರ ಬೀಳದ ಬೆಳಕಿನ ಕಿಟಕಿ. ಮೊಗ್ಗು ಎಲೆಗಳ ನಡುವೆಯೇ ಉಳಿಯುತ್ತಿದ್ದರೆ ಕಪ್ಪು ಕಾಗದದ ಶಂಕು ಮಾಡಿ ಕೆಲವು ದಿನ ಮುಚ್ಚಿ. ಬೆಳಕು ಹುಡುಕುತ್ತಾ ದಂಟು ಮೇಲೇಳುತ್ತದೆ.

ಅರಳಿದ ಮೇಲೆ ರಾತ್ರಿ ಬಾಲ್ಕನಿಯ ತಂಪಿಗಿಟ್ಟರೆ ಹೂ ಹೆಚ್ಚು ದಿನ ಬಾಳುತ್ತದೆ. ಬಾಡಿದ ಗೆಡ್ಡೆ ಬರಿದಾಗಿರುತ್ತದೆ, ಕಾಂಪೋಸ್ಟ್‌ಗೆ ಹಾಕಿ.